ಟರ್ಬೋ ಕಾರಿಗೆ ಯಾವ ಮ್ಯಾನಿಫೋಲ್ಡ್ ಬಾಳಿಕೆ ಬರುತ್ತೆ?

ಪ್ರಶ್ನೆ: ನನ್ನದು ಟರ್ಬೋ ಪೆಟ್ರೋಲ್ ಕಾರು. ಮನೆ ಮಡಿಕೇರಿಯಲ್ಲಿ, ಕೆಲಸದ ಮೇಲೆ ವಾರಕ್ಕೆರಡು ಸಲ ಸುಳ್ಯಕ್ಕೆ ಹೋಗಿ ಬರುತ್ತೇನೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ ಅಂತ ಗ್ಯಾರೇಜಿನಲ್ಲಿ ಹೇಳಿದರು. ಆಫ್ಟರ್‌ಮಾರ್ಕೆಟ್ (ಕಾರು ಕಂಪನಿಯದ್ದಲ್ಲದ) ಪಾರ್ಟು ಹಾಕಿಸೋಣ ಅಂತಿದ್ದೇನೆ. ಸ್ಟೇನ್‌ಲೆಸ್ ಪೈಪಿನದ್ದು ತಗೊಳ್ಳಲಾ, ಬೀಡಿನದ್ದು (ಕಾಸ್ಟ್ ಐರನ್) ತಗೊಳ್ಳಲಾ?

ಉತ್ತರ: ನಿಮ್ಮ ಓಡಾಟಕ್ಕೆ ಗಿಡ್ಡಗೆ, ದಪ್ಪಗೆ ಇರುವ ಎರಕದ ಮ್ಯಾನಿಫೋಲ್ಡ್ ತಗೊಳ್ಳಿ. ಪೈಪಿನದ್ದು ಬೇಕೇ ಬೇಕು ಅಂದರೆ ದಪ್ಪ ಗೋಡೆಯದ್ದನ್ನು ಮಾತ್ರ ತಗೊಳ್ಳಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂದರೆ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟು ಮಾಡಿ ಟರ್ಬೋಗೆ ಕೊಡುವ ಭಾಗ. ಆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬುವುದು ಟರ್ಬೋ, ಆ ಗಾಳಿಯ ಒತ್ತಡವೇ ಬೂಸ್ಟ್.

ದುಡ್ಡು ಕೊಡುವ ಮುಂಚೆ ಒಮ್ಮೆ ಬಾನೆಟ್ ತೆಗೆದು, ನಿಮ್ಮ ಇಂಜಿನ್‌ಗೆ ಬೇರೆಯಾಗಿ ಬಿಚ್ಚುವ ಮ್ಯಾನಿಫೋಲ್ಡ್ ಇದೆಯಾ ಅಂತ ನೋಡಿ. ಈಗಿನ ಎಷ್ಟೋ ಟರ್ಬೋ ಪೆಟ್ರೋಲ್ ಇಂಜಿನ್‌ಗಳಲ್ಲಿ ಅದು ಇಲ್ಲ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ 1.0 ಟಿಎಸ್‌ಐ, ಫೋರ್ಡ್‌ನ 1.0 ಇಕೋಬೂಸ್ಟ್ ಇಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನ (ಇಂಜಿನ್ನಿನ ಮೇಲ್ಭಾಗದ) ಒಳಗೇ ಎರಕವಾಗಿದೆ. ಸುತ್ತ ಕೂಲೆಂಟ್ ಹರಿಯುತ್ತದೆ, ಟರ್ಬೋ ನೇರವಾಗಿ ಹೆಡ್ಡಿಗೆ ಕೂರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಮ್ಯಾನಿಫೋಲ್ಡ್ ಮತ್ತು ಟರ್ಬೋದ ಹೌಸಿಂಗ್ ಒಂದೇ ಎರಕ. ಅಂಥ ಕಡೆ ಒಂದನ್ನೇ ಬದಲಾಯಿಸುವ ಮಾತೇ ಬರುವುದಿಲ್ಲ. ನಿಮ್ಮದರಲ್ಲಿ ಬೇರೆಯಾಗಿಯೇ ಇದೆ ಅಂದುಕೊಂಡು ಮುಂದೆ ಹೇಳುತ್ತೇನೆ.

ಮ್ಯಾನಿಫೋಲ್ಡ್ ಸೀಳುವುದು ಬಿಸಿಯಿಂದ. ಜೋರಾಗಿ ಓಡುವಾಗ ಟರ್ಬೋ ಪೆಟ್ರೋಲ್ ಇಂಜಿನ್ನಿನ ಹೊಗೆ 900ರಿಂದ 1,000 ಡಿಗ್ರಿವರೆಗೂ ಹೋಗುತ್ತದೆ. ಡೀಸೆಲ್‌ನಲ್ಲಿ ಸಾಮಾನ್ಯವಾಗಿ 700, 800 ಡಿಗ್ರಿ. ಲೋಹ ಬಿಸಿಯಾದರೆ ಉದ್ದವಾಗುತ್ತದೆ ಅಲ್ವಾ? ಅರ್ಧ ಮೀಟರ್ ಸ್ಟೇನ್‌ಲೆಸ್ ಪೈಪು 800 ಡಿಗ್ರಿ ಏರಿದರೆ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ. ಬೀಡು ಅಷ್ಟು ಬೆಳೆಯುವುದಿಲ್ಲ, 5 ಮಿಲಿಮೀಟರಿನ ಆಸುಪಾಸು. ಇದನ್ನು ಕಚ್ಚಿ ಹಿಡಿದಿರುವ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕೂಲೆಂಟ್ ಇರುವುದರಿಂದ ಅದು ಅಷ್ಟೇನೂ ಕಾಯುವುದಿಲ್ಲ. ಒಂದು ತುದಿ ಬೋಲ್ಟಿನಲ್ಲಿ ಬಿಗಿಯಾಗಿದೆ, ಇನ್ನೊಂದು ತುದಿಯಲ್ಲಿ ಟರ್ಬೋ ನೇತಾಡುತ್ತಿದೆ, ನಡುವಿನ ಲೋಹ ಮಾತ್ರ ಹಿಗ್ಗುತ್ತಿದೆ. ಆ ಎಳೆತವೆಲ್ಲ ಬೆಂಡಿನಲ್ಲಿ, ವೆಲ್ಡಿನ ಪಕ್ಕದಲ್ಲಿ ಬಂದು ಕೂರುತ್ತದೆ.

ನಮ್ಮ ಘಾಟಿಯಲ್ಲಿ ಇದು ಜಾಸ್ತಿ. ಸುಳ್ಯದ ದಾರಿಯಲ್ಲಿ ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರು. ಎರಡು, ಮೂರನೇ ಗೇರಿನಲ್ಲಿ ಬೂಸ್ಟ್ ಬಿಡದೆ ಹತ್ತುವಾಗ ಮ್ಯಾನಿಫೋಲ್ಡ್ ಕೆಂಪಗೆ ಕಾಯುತ್ತದೆ. ಇಳಿಯುವಾಗ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಇಂಜಿನ್ನು ಸುಮ್ನೆ ತಣ್ಣಗಿನ ಗಾಳಿಯನ್ನೇ ತಳ್ಳುತ್ತದೆ, ಅದೇ ಲೋಹ ಬೇಗ ಕುಗ್ಗುತ್ತದೆ. ಕಕ್ಕಡದ ಮಳೆಯಲ್ಲಿ ರಸ್ತೆ ನೀರು ಕೆಳಗಿನಿಂದ ಎರಚಿದರೆ ಇನ್ನೂ ಕಷ್ಟ. ಕಾದ ಬೀಡಿನ ಕಾವಲಿಗೆ ತಣ್ಣೀರು ಸುರಿದರೆ ಏನಾಗುತ್ತದೆ ಅಂತ ಮನೆಯಲ್ಲಿ ರೊಟ್ಟಿ ಸುಡುವ ಎಲ್ಲರಿಗೂ ಗೊತ್ತು. ಹಾಗಾಗಿ ಇಂಜಿನ್ ಕೆಳಗಿನ ಕವರ್, ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೀಟ್ ಶೀಲ್ಡ್ ಎರಡನ್ನೂ ಬಿಸಾಡಬೇಡಿ. ಗಲಗಲ ಸದ್ದು ಮಾಡುತ್ತದೆ ಅಂತ ಶೀಲ್ಡ್ ಕಿತ್ತು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನನಗೂ ಒಮ್ಮೆ ಹೀಗಾಗಿತ್ತು. ಫಳಫಳ ಹೊಳೆಯುವ ಸ್ಟೇನ್‌ಲೆಸ್ ಪೈಪಿನ ಮ್ಯಾನಿಫೋಲ್ಡ್ ತರಿಸಿ ಹಾಕಿಸಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. ಐದು ನಿಮಿಷ ಓಡಿದರೆ ನಿಲ್ಲುತ್ತಿತ್ತು, ಬಿಸಿಗೆ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತಿತ್ತು ಅಷ್ಟೆ. ಆಮೇಲೆ ಘಾಟಿಯಲ್ಲಿ ಕಿಟಕಿ ಇಳಿಸಿದರೆ ರಸ್ತೆ ಪಕ್ಕದ ಗುಡ್ಡದ ಬರೆಗೆ ಬಡಿದು ವಾಪಸ್ ಬರುವ ಚಟಚಟ ಕೇಳತೊಡಗಿತು. ಬೂಸ್ಟ್ ಕಟ್ಟುವುದೂ ತಡವಾಯಿತು. ಬಿಚ್ಚಿ ನೋಡಿದರೆ, ನಾಲ್ಕು ಪೈಪು ಸೇರುವ ಜಾಗದಲ್ಲಿ ವೆಲ್ಡಿನ ಪಕ್ಕ ಕೂದಲೆಳೆಯಷ್ಟು ಸೀಳು, ಸುತ್ತ ಕಪ್ಪು ಮಸಿ. ಒಳಗೆ ಟಾರ್ಚ್ ಬಿಟ್ಟರೆ ವೆಲ್ಡಿನ ಹಿಂಬದಿ ಕರಟಿದ ಬೆಲ್ಲದ ಹಾಗೆ ಉಬ್ಬಿ ಗುಳ್ಳೆ ಗುಳ್ಳೆಯಾಗಿತ್ತು. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಗ್ಯಾಸ್ ಬಿಡದೆ ಇದ್ದರೆ ಸ್ಟೇನ್‌ಲೆಸ್ ಹೀಗೇ ಸುಟ್ಟು ಹೋಗುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಮೀನಿನ ಹುರುಪೆಯ ಹಾಗೆ ಚೆಂದದ ವೆಲ್ಡು.

ಆದ್ದರಿಂದ ಪೈಪಿನದ್ದು ತಗೊಳ್ಳುವವರು ಮೊದಲು ಒಳಗೆ ಟಾರ್ಚ್ ಬಿಡಿ. ಆಮೇಲೆ ಗೋಡೆಯ ದಪ್ಪ ಕೇಳಿ. ಅಗ್ಗದವು 1.5, 1.6 ಮಿಲಿಮೀಟರ್ ಇರುತ್ತವೆ. ಟರ್ಬೋ ಭಾರ ಹೊರುವ ಪೈಪಿಗೆ ಇದು ಸಾಲದು. ಶೆಡ್ಯೂಲ್ 10 ಅನ್ನುವ ಪೈಪು ಸುಮಾರು 2.8 ಮಿಲಿಮೀಟರ್, ಶೆಡ್ಯೂಲ್ 40 ಸುಮಾರು 3.6 ಮಿಲಿಮೀಟರ್. ಇವುಗಳ ಬೆಂಡಿನಿಂದ ಮಾಡಿದ್ದು ತೂಕ ಜಾಸ್ತಿ, ನೋಡಲು ಒರಟು, ಆದರೆ ನಿಲ್ಲುತ್ತದೆ. ಲೋಹದಲ್ಲೂ ವ್ಯತ್ಯಾಸವಿದೆ. 304 ಸ್ಟೇನ್‌ಲೆಸ್ ಸುಮಾರು 450ರಿಂದ 850 ಡಿಗ್ರಿ ನಡುವೆ ತುಂಬಾ ಹೊತ್ತು ಇದ್ದರೆ ಒಳಗಿನ ಕ್ರೋಮಿಯಂ ಕಾರ್ಬನ್ ಜೊತೆ ಸೇರಿಕೊಂಡು ಕಣಗಳ ಅಂಚು ದುರ್ಬಲವಾಗುತ್ತದೆ. 321ರಲ್ಲಿ ಟೈಟಾನಿಯಂ, 347ರಲ್ಲಿ ನಿಯೋಬಿಯಂ ಇದೆ. ಅವು ಕಾರ್ಬನ್ನನ್ನು ಹಿಡಿದಿಟ್ಟುಕೊಳ್ಳುತ್ತವೆ, ಕ್ರೋಮಿಯಂ ಉಳಿಯುತ್ತದೆ. ಬೆಲೆ ಜಾಸ್ತಿಯಾದರೂ ಘಾಟಿ ಓಡಾಟಕ್ಕೆ 321 ಕೇಳಿ ತಗೊಳ್ಳಿ. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ. 304, 321 ಎರಡಕ್ಕೂ ಅದು ಹೆಚ್ಚುಕಮ್ಮಿ ಅಂಟುವುದಿಲ್ಲ. ಗಟ್ಟಿಯಾಗಿ ಕಚ್ಚಿಕೊಂಡರೆ ಅದು 409 ಥರದ ಅಗ್ಗದ ಸ್ಟೇನ್‌ಲೆಸ್ಸೋ ಬರೀ ಕಬ್ಬಿಣವೋ ಆಗಿರುತ್ತದೆ.

ಈಗ ನಾನು ಹೇಳುತ್ತಿರುವ ಬೀಡಿಗೆ ಬರೋಣ. ಬೀಡು ಅಂದರೆ ಎಲ್ಲಾ ಒಂದೇ ಅಲ್ಲ. ಮಾಮೂಲಿ ಬೂದು ಬೀಡು ಟರ್ಬೋ ಪೆಟ್ರೋಲಿಗೆ ಬೇಡ. ಸುಮಾರು ನೂರಕ್ಕೆ 4 ಭಾಗ ಸಿಲಿಕಾನ್, ಸ್ವಲ್ಪ ಮಾಲಿಬ್ಡಿನಮ್ ಸೇರಿಸಿದ ಡಕ್ಟೈಲ್ ಐರನ್ (ಸ್ವಲ್ಪ ಬಾಗುವ ಗುಣದ ಬೀಡು) ಇರುತ್ತದೆ, ಸೈಮೋ ಅಂತ ಕರೆಯುತ್ತಾರೆ. ಕಾರು ಕಂಪನಿಗಳು ವರ್ಷಗಳಿಂದ ಬಳಸುತ್ತಿರುವುದು ಇದನ್ನೇ. ಅದಕ್ಕಿಂತ ಮೇಲೆ ಜಾಸ್ತಿ ನಿಕಲ್ ಇರುವ ನೈ-ರೆಸಿಸ್ಟ್, ಅದರ ಮೇಲೆ ಎರಕದ ಸ್ಟೇನ್‌ಲೆಸ್. ಮಾರುವವರು ಸುಮ್ಮನೆ "ಕಾಸ್ಟ್ ಐರನ್" ಅಂದರೆ ಯಾವುದು ಅಂತ ಬಿಡಿಸಿ ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಗಿಡ್ಡ ಎರಕದ್ದರಲ್ಲಿ ಇನ್ನೊಂದು ಲಾಭವಿದೆ. ಹೊಗೆ ತಣ್ಣಗಾಗುವ ಮುಂಚೆ ಟರ್ಬೋ ಮುಟ್ಟುತ್ತದೆ, ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ. ಮಾಕುಟ್ಟ ಘಾಟಿಯಂಥ ಕಡೆ ತಿರುವಿನಲ್ಲಿ ನಮಗೆ ಬೇಕಾದದ್ದು ಅದೇ ಅಲ್ವಾ? ಉದ್ದದ ಸಮಾನ ಪೈಪುಗಳ ಲಾಭವೆಲ್ಲ ಮೇಲಿನ ಆರ್‌ಪಿಎಂನಲ್ಲಿ, ಅದು ರೇಸ್ ಓಡಿಸುವವರಿಗೆ. ಕಂಪನಿಯ ಅಸಲಿ ಪಾರ್ಟಿನ ಬೆಲೆಯನ್ನೂ ಒಮ್ಮೆ ಕೇಳಿ, ಎಷ್ಟೋ ಸಲ ವ್ಯತ್ಯಾಸ ಅಷ್ಟೇನೂ ಇರುವುದಿಲ್ಲ. ಬಿರುಕು ಬಿಟ್ಟ ಹಳೇ ಬೀಡಿಗೆ ವೆಲ್ಡ್ ಹೊಡೆಸುವ ಯೋಚನೆ ಮಾತ್ರ ಬಿಡಿ. ಸಾಮಾನ್ಯವಾಗಿ ವೆಲ್ಡಿನ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಯಾವುದೇ ತಂದರೂ ಹೆಡ್ಡಿಗೆ ಕೂರುವ ಫ್ಲ್ಯಾಂಜ್ (ಬೋಲ್ಟ್ ತೂತುಗಳಿರುವ ಚಪ್ಪಟೆ ಅಂಚು) ಮೇಲೆ ನೇರವಾದ ಸ್ಟೀಲ್ ಪಟ್ಟಿ ಇಟ್ಟು ನೋಡಿ. ಕೆಳಗೆ 0.1 ಮಿಲಿಮೀಟರ್ ಫೀಲರ್ (ಸಂದು ಅಳೆಯುವ ತೆಳು ತಗಡು) ನುಗ್ಗಿದರೆ ನಾನು ತಗೊಳ್ಳುವುದಿಲ್ಲ. ಪೈಪಿನದ್ದಾದರೆ ಫ್ಲ್ಯಾಂಜ್ 10, 12 ಮಿಲಿಮೀಟರ್ ದಪ್ಪ ಇರಲಿ, ವೆಲ್ಡ್ ಆದ ಮೇಲೆ ಮಿಲ್ಲಿಂಗ್ ಮಾಡಿ ಸಮತಟ್ಟಾಗಿಸಿರಲಿ. ಪ್ಯಾಕಿಂಗ್ ಹಲವು ಪದರದ ಸ್ಟೀಲಿನದ್ದೇ ಹಾಕಿಸಿ, ಹಳೇದನ್ನು ತಿರುಗಿಸಿ ಹಾಕಬೇಡಿ.

ಟರ್ಬೋಗೆ ಇಂಜಿನ್ ಬ್ಲಾಕಿನಿಂದ ಒಂದು ಆಸರೆ ಬ್ರಾಕೆಟ್ ಬರುತ್ತದೆ. ಬಿಚ್ಚಿದವರು ವಾಪಸ್ ಹಾಕಿದ್ದಾರಾ ನೋಡಿ. ನನ್ನ ಕಾರಿನಲ್ಲಿ ಅದು ಇರಲೇ ಇಲ್ಲ. ಇಷ್ಟು ಭಾರ ಮ್ಯಾನಿಫೋಲ್ಡ್ ಮೇಲೇ ನೇತಾಡುತ್ತಾ ತೋಟದ ದಾರಿಯ ಹೊಂಡಗಳಲ್ಲಿ ಕುಣಿದರೆ 321 ಆದರೇನು, ಸೀಳುತ್ತದೆ. ಟರ್ಬೋದಿಂದ ಕೆಳಗಿಳಿಯುವ ಡೌನ್‌ಪೈಪಿನಲ್ಲಿ ಬಲೆ ಸುತ್ತಿದ, ಬಾಗುವ ಫ್ಲೆಕ್ಸ್ ಹರಿದಿದ್ದರೆ, ಇಂಜಿನ್ ಮೌಂಟ್ ಕೂತು ಹೋಗಿದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ. ನಿಮ್ಮ ಹಳೇ ಮ್ಯಾನಿಫೋಲ್ಡ್ ಯಾಕೆ ಸೀಳಿತು ಅನ್ನುವುದಕ್ಕೆ ಇದೇ ಕಾರಣ ಇರಬಹುದು.

ಹೀಟ್ ರ್‍ಯಾಪ್ ಬಟ್ಟೆ ಸುತ್ತಬೇಡಿ. ಲೋಹದ ಬಿಸಿ ಇನ್ನೂ ಏರುತ್ತದೆ, ನಮ್ಮ ಮಳೆಯಲ್ಲಿ ಒದ್ದೆಯಾದ ಬಟ್ಟೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವುದಂತೂ ಕಾನೂನಿಗೆ ವಿರುದ್ಧ. ಮ್ಯಾನಿಫೋಲ್ಡ್ ಬದಲಿಸಿದ್ದನ್ನು ವಿಮೆ ಕಂಪನಿಗೂ ತಿಳಿಸಿ.

ಗ್ಯಾರೇಜಿಗೆ ಬಿಡುವ ಎರಡು ದಿನ ಮುಂಚಿನಿಂದಲೇ, ಇಂಜಿನ್ ತಣ್ಣಗಿರುವಾಗ, ಹಳೇ ಸ್ಟಡ್‌ಗಳಿಗೆ (ಹೆಡ್ಡಿಗೆ ತಿರುಗಿಸಿ ಕೂರಿಸಿದ ತಲೆಯಿಲ್ಲದ ಬೋಲ್ಟು) ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಸ್ಟಡ್ ಹೆಡ್ಡಿನೊಳಗೇ ಮುರಿದರೆ ಕೊರೆದು ತೆಗೆಸುವ ಖರ್ಚು ಮ್ಯಾನಿಫೋಲ್ಡಿನ ಬೆಲೆಗೇ ಹೋಗಿ ನಿಲ್ಲಬಹುದು. ಹೊಸ ಸ್ಟಡ್, ಹೊಸ ನಟ್ಟು ಹಾಕಿಸಿ, ಕಂಪನಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ) ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಬಿಗಿ ಮಾಡಿಸಿ. ನಾಲ್ಕೈದು ಸಲ ಸುಳ್ಯಕ್ಕೆ ಹೋಗಿ ಬಂದ ಮೇಲೆ, ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಅದೇ ಟಾರ್ಕ್ ರೆಂಚ್ ಹಿಡಿದು ಒಂದೊಂದೇ ನಟ್ಟನ್ನು ಮತ್ತೊಮ್ಮೆ ನೋಡಿ.