ಎಂಟನೇ ವಾರದ ಮರಿ, ಎರಡು ಗಡಿಯಾರ

ಮುಧೋಳದ ಕಡೆ ನಾಯಿಮರಿ ಕೊಳ್ಳಲು ಬರುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಬಣ್ಣ, ಕೊನೆಗೆ ಇದರ ತಾಯಿ ಮೊಲ ಹಿಡಿಯುತ್ತದೆಯೇ ಎಂದು. ಮರಿಗೆ ಎಷ್ಟು ವಾರವಾಯಿತು ಎಂದು ಕೇಳುವವರು ಕಡಿಮೆ. ಕೇಳಿದರೂ "ತಿಂಗಳಾತ್ರಿ, ಹಾಲು ಬಿಟ್ಟೈತಿ, ಒಯ್ರಿ" ಎಂಬ ಉತ್ತರಕ್ಕೆ ಸಮಾಧಾನವಾಗಿಬಿಡುತ್ತಾರೆ. ಅಷ್ಟರಲ್ಲಿ ಮನೆಯಲ್ಲಿ ಬುಟ್ಟಿ, ಬೆಲ್ಟು, ಸ್ಟೀಲಿನ ಬಟ್ಟಲು ಎಲ್ಲ ಬಂದು ಕೂತಿರುತ್ತವೆ. ಇದನ್ನು ಸಿದ್ಧತೆ ಎನ್ನಲು ನನಗೆ ಮನಸ್ಸಿಲ್ಲ. ಆ ಪುಟ್ಟ ಮೈಯೊಳಗೆ ಯಾವ ವಾರ ಏನು ನಡೆದಿದೆ ಎಂದು ತಿಳಿದುಕೊಂಡರೆ ಅರ್ಧ ಸಿದ್ಧತೆ ಮುಗಿಯಿತು. ಸಾಮಾನು ಆಮೇಲೂ ತರಬಹುದು.

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಮ್ಮ ದೇಶದ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ಕಾರಣ ಸರಳ. ಹುಟ್ಟಿದ ಮರಿ ಕುರುಡು, ಕಿವುಡು. ಕಣ್ಣು ತೆರೆಯುವುದು ಸುಮಾರು ಎರಡು ವಾರಕ್ಕೆ, ಕಿವಿ ಮೂರನೇ ವಾರದ ಹೊತ್ತಿಗೆ. ಅಲ್ಲಿಂದ ಮುಂದೆ ಅದರ ಶಾಲೆ ಎಂದರೆ ಒಡಹುಟ್ಟಿದ ಮರಿಗಳೇ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ಜಗಳ ಎಂಬ ಲೆಕ್ಕ ಹೀಗೆ ಕೂಡಿಬರುತ್ತದೆ. ತಿಂಗಳಿಗೇ ಕಿತ್ತು ತಂದ ಮರಿ ಈ ಪಾಠವನ್ನು ನಿಮ್ಮ ಮಗುವಿನ ಕೈಮೇಲೆ ಕಲಿಯುತ್ತದೆ.

1961ರಲ್ಲಿ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಿಂದ ಒಂದು ಪ್ರಯೋಗದ ವರದಿ ಬಂತು. ಎತ್ತರದ ಬೇಲಿಯೊಳಗೆ, ಮನುಷ್ಯರ ಮುಖವನ್ನೇ ಕಾಣದಂತೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಾರಗಳಲ್ಲಿ ಒಂದೊಂದು ಗುಂಪನ್ನು ಹೊರತೆಗೆದು ಜನರೊಂದಿಗೆ ಬಿಟ್ಟರು. ಐದನೇ, ಏಳನೇ ವಾರದಲ್ಲಿ ಬಂದವು ಸಲೀಸಾಗಿ ಹೊಂದಿಕೊಂಡವು. ಹದಿನಾಲ್ಕನೇ ವಾರದವರೆಗೆ ಮನುಷ್ಯರನ್ನು ನೋಡದೆ ಉಳಿದವು ಕಾಡುಪ್ರಾಣಿಗಳಂತೆ ದೂರ ಸರಿದವು, ಮತ್ತೆ ಸರಿಯಾಗಿ ಪಳಗಲೇ ಇಲ್ಲ. ಅದೇ ಪ್ರಯೋಗಾಲಯದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮಾಡಿದ ಕೆಲಸವೂ ಇದನ್ನೇ ಹೇಳಿತು: ಸುಮಾರು ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಮರಿಯ ಮಿದುಳು ಲೋಕವನ್ನು 'ನಮ್ಮದು', 'ಹೆದರಬೇಕಾದ್ದು' ಎಂದು ವಿಂಗಡಿಸುತ್ತಿರುತ್ತದೆ. ಬಾಗಿಲು ಆಮೇಲೆ ಪೂರ್ತಿ ಮುಚ್ಚುವುದಿಲ್ಲ, ಆದರೆ ತಳ್ಳಲು ಬಹಳ ಬಲ ಬೇಕಾಗುತ್ತದೆ. ಎಂಟನೇ ವಾರಕ್ಕೆ ಮರಿ ನಿಮ್ಮ ಮನೆಗೆ ಬಂತೆಂದರೆ ಈ ಮೊದಲ ಗಡಿಯಾರದಲ್ಲಿ ನಿಮ್ಮ ಪಾಲಿಗೆ ಉಳಿದದ್ದು ಒಂದೂವರೆ ತಿಂಗಳು ಮಾತ್ರ.

ಎರಡನೇ ಗಡಿಯಾರ ರಕ್ತದಲ್ಲಿದೆ. ಗಿಣ್ಣದ ಹಾಲಿನ ಮೂಲಕ ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುವಿನೊಡನೆ ಹೋರಾಡುವ ರಕ್ತದ ಕಾವಲುಗಾರರು, ಮರಿಗೆ ಬರುತ್ತವೆ. ಮರಿಯ ಕರುಳು ಅವನ್ನು ಹಾಗೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನ ಮಾತ್ರ. ಆಮೇಲೆ ವಾರವಾರಕ್ಕೂ ಅವು ಕರಗುತ್ತಾ ಹೋಗುತ್ತವೆ. ತೊಡಕೇನೆಂದರೆ, ಈ ಪ್ರತಿಕಾಯಗಳಿಗೆ ರೋಗದ ವೈರಾಣು ಯಾವುದು, ಲಸಿಕೆಯದು ಯಾವುದು ಎಂಬ ಭೇದವಿಲ್ಲ, ಎರಡನ್ನೂ ಹೊಡೆಯುತ್ತವೆ. ಹೀಗಾಗಿ ನಡುವೆ ಒಂದು ಕೆಟ್ಟ ಅವಧಿ ಬರುತ್ತದೆ. ರೋಗ ತಡೆಯಲು ತಾಯಿಯ ಪ್ರತಿಕಾಯ ಸಾಲದು, ಲಸಿಕೆಯನ್ನು ಕೆಡಿಸಲು ಮಾತ್ರ ಸಾಕು. ಅದು ಯಾವ ಮರಿಗೆ ಯಾವ ವಾರ ಬರುತ್ತದೆ ಎಂದು ಹೊರಗಿನಿಂದ ಹೇಳಲಾಗದು. "ಅದ ಸೂಜಿ ಮೂರ್ ಮೂರ್ ಸಲ ಯಾಕ್ರಿ ಡಾಕ್ಟ್ರ, ರೊಕ್ಕಕ್ಕೇನ್ರಿ?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಹದಿನಾರನೇ ವಾರದವರೆಗೆ ಕೆಲವು ವಾರಕ್ಕೊಮ್ಮೆ ಲಸಿಕೆ ಹಾಕುವುದು ಮರಿಗೆ ಬಲ ಬರಲಿ ಎಂದಲ್ಲ. ತಾಯಿಯ ಪ್ರತಿಕಾಯ ಅಡ್ಡ ಬರದ ದಿನ ಒಂದು ಸೂಜಿಯಾದರೂ ಮೈಗೆ ಹತ್ತಲಿ ಎಂದು.

ಆ ಅವಧಿಯಲ್ಲಿ ಹೊಂಚುಹಾಕುವುದು ಪಾರ್ವೊ. 1978ರ ಸುಮಾರಿಗೆ ಜಗತ್ತಿನಾದ್ಯಂತ ನಾಯಿಗಳಲ್ಲಿ ಹೊಸದಾಗಿ ಕಾಣಿಸಿಕೊಂಡ ವೈರಾಣು ಇದು. ವಾಂತಿ, ರಕ್ತಭೇದಿ, ಎರಡು-ಮೂರು ದಿನದಲ್ಲಿ ಮರಿ ಹೋಗಿಯೂಬಿಡಬಹುದು. ನಾಯಿಗಳ ಇನ್ನೊಂದು ಮಾರಕ ರೋಗವಾದ ಡಿಸ್ಟೆಂಪರ್‌ನ ವೈರಾಣುವಿಗೆ ಕೊಬ್ಬಿನ ಹೊದಿಕೆಯಿದೆ, ಬಿಸಿಲಿಗೆ, ಸೋಪಿಗೆ ಬೇಗ ಸಾಯುತ್ತದೆ. ಪಾರ್ವೊಗೆ ಆ ಹೊದಿಕೆಯೇ ಇಲ್ಲದ್ದರಿಂದ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಫಿನಾಯಿಲ್ ಅದಕ್ಕೆ ಲೆಕ್ಕಕ್ಕಿಲ್ಲ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ, ಮೊದಲು ನೆಲದ ಕೊಳೆ ತೆಗೆದು, ಆಮೇಲೆ ಹತ್ತು ನಿಮಿಷ ಹಸಿಯಾಗಿ ಬಿಟ್ಟರೆ ಸಾಯುತ್ತದೆ. ಇದು ಕಲ್ಲಿನ ನೆಲಕ್ಕೆ ಸರಿ, ಎರೆಮಣ್ಣಿನ ಅಂಗಳಕ್ಕೆ ಅಲ್ಲ. ಮಣ್ಣು ಬ್ಲೀಚನ್ನೇ ನುಂಗಿಬಿಡುತ್ತದೆ. ಹಿಂದಿನ ವರ್ಷ ಆ ಅಂಗಳದಲ್ಲಿ ಮರಿಯೊಂದು ರಕ್ತಭೇದಿಯಿಂದ ಸತ್ತಿದ್ದರೆ, ಲಸಿಕೆಯೆಲ್ಲ ಮುಗಿದ ನಾಲ್ಕೂವರೆ ತಿಂಗಳ ಮರಿ ತರುವುದೇ ಮೇಲು.

ಈಗ ಇಕ್ಕಟ್ಟು ಕಾಣುತ್ತದೆ. ಮಿದುಳಿನ ಗಡಿಯಾರ ಮರಿಯನ್ನು ಹೊರಗೆ ಒಯ್ಯಿ ಎನ್ನುತ್ತದೆ, ರಕ್ತದ್ದು ಬೇಡ ಎನ್ನುತ್ತದೆ. ಲಸಿಕೆ ಮುಗಿಯುವವರೆಗೆ ಕಾದರೆ ಮಿದುಳಿನ ಅವಧಿ ದಾಟಿರುತ್ತದೆ. ಪ್ರಾಣಿಗಳ ವರ್ತನೆ ಓದುವ ಅಮೆರಿಕದ ಪಶುವೈದ್ಯರ ಸಂಘ ಮೊದಲ ಲಸಿಕೆಯಾಗಿ ವಾರ ಕಳೆದ ಮೇಲೆ, ಎಚ್ಚರ ವಹಿಸಿ, ಮರಿಗೆ ಲೋಕ ತೋರಿಸಿ ಎನ್ನುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ಬೇಕಾದ ಅನುಕೂಲ ಮನೆಯ ಮುಂದೇ ಇದೆ, ಕಟ್ಟೆ. ಸಂಜೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರೆ ಅರ್ಧ ಜಗತ್ತು ತಾನಾಗಿ ಎದುರು ಹಾಯುತ್ತದೆ: ರುಮಾಲು ಸುತ್ತಿದ ಅಜ್ಜ, ಹೆಲ್ಮೆಟ್ ಹಾಕಿದ ಹುಡುಗ, ಬುರ್ಖಾ ತೊಟ್ಟವರು, ಕಂಬಳಿ ಹೊತ್ತ ಕುರಿಗಾರ, ಶಾಲೆ ಬಿಟ್ಟ ಮಕ್ಕಳ ಹಿಂಡು. ಕಬ್ಬು ನುರಿಸುವ ದಿನಗಳಲ್ಲಿ ಮುಧೋಳ, ಜಮಖಂಡಿ ಕಡೆ ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರ್‌ಗಿಂತ ದೊಡ್ಡ ಪರೀಕ್ಷೆ ಯಾವ ನಾಯಿಗೂ ಬೇಕಿಲ್ಲ. ಸದ್ದು ದೂರವಿದ್ದಾಗಲೇ ಬಾಯಿಗೊಂದು ಬೇಯಿಸಿದ ಕೋಳಿಯ ಚೂರು. ಹಲಗೆ ವಾದ್ಯ ಬಡಿದಾಗಲೂ ಹಾಗೇ. ಮರಿ ತಿನ್ನುವುದನ್ನು ನಿಲ್ಲಿಸಿ ಮುದುಡಿತೆಂದರೆ ಹತ್ತಿರವಾಯಿತು ಎಂದರ್ಥ, ಒಳಗೆ ಹೋಗಿ. ಧೈರ್ಯ ಬರಲಿ ಎಂದು ಅಲ್ಲೇ ಹಿಡಿದು ಕೂರಿಸಿದರೆ ಹೆದರಿಕೆಯೇ ಗಟ್ಟಿಯಾಗುತ್ತದೆ. ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಮಾತ್ರ ಕಾಲು ತಾಗಿಸಬೇಡಿ. ಬೆಳಗಾವಿಯಲ್ಲಾದರೆ, ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಲಸಿಕೆ ಮುಗಿಯದ ಮರಿಯನ್ನು ಎತ್ತಿಕೊಂಡೇ ತಿರುಗಬೇಕು.

ಮನೆಯೊಳಗೆ ಮೊದಲು ನೋಡಬೇಕಾದ್ದು ನೆಲ. ಹಳೆಯ ಮನೆಗಳ ಒರಟು ಕಲ್ಲಿನ ಹಾಸಿನಲ್ಲಿ ಮರಿಗೆ ಹಿಡಿತ ಸಿಗುತ್ತಿತ್ತು, ಈಗಿನ ಟೈಲ್ಸ್ ಮೇಲೆ ಹಿಂಗಾಲು ಅಗಲಕ್ಕೆ ಜಾರುತ್ತವೆ. ಲ್ಯಾಬ್ರಡಾರ್ ಸೇರಿ ನಾಲ್ಕು ದೊಡ್ಡ ತಳಿಗಳನ್ನು ನಾರ್ವೆಯಲ್ಲಿ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ದೋಷ ಹೆಚ್ಚು ಕಂಡಿತು. ಮೆತ್ತನೆಯ ನೆಲದ ಮೇಲೆ ಬಿಡುಬೀಸಾಗಿ ಓಡಾಡಿದವುಗಳಿಗೆ ಕಡಿಮೆ. ಹಳೆಯ ಜಮಖಾನೆಯೊಂದನ್ನು ಪಡಸಾಲೆಯಲ್ಲಿ ಹಾಸಿ, ಮಾಳಿಗೆಯ ಮೆಟ್ಟಿಲಿಗೆ ಹಲಗೆ ಅಡ್ಡ ಇಟ್ಟರೆ ಸಾಕು. ಗೋಡೆಯ ಕಲ್ಲುಸಂದಿಗಳನ್ನೂ ಒಮ್ಮೆ ನೋಡಿ. ನಾಯಿಯ ಉಣ್ಣಿ ಮನೆಯೊಳಗಿನ ಬಿರುಕುಗಳಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ಇಲಿ ಪಾಷಾಣ ಮನೆಯಲ್ಲಿ ಇದ್ದರೆ ಬಚ್ಚಿಡುವುದಲ್ಲ, ತೆಗೆದೇಬಿಡಬೇಕು.

ಊಟದ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗಳದ್ದೇ ಒಂದು ಅಪಾಯವಿದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ ಎಂಬುದು ಬಹುಕಾಲದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಅನುಮಾನ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲಿದೆ, ಅದೇ ಆಮ್ಲವಿರುವ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅಂಥದೇ ಹಾನಿ ವರದಿಯಾಗಿದೆ. ತಿಕೋಟಾ, ಬಬಲೇಶ್ವರದ ಒಣದ್ರಾಕ್ಷಿ ಶೆಡ್ಡಿನಲ್ಲಿ ಮಾರ್ಚ್ ತಿಂಗಳು ಮರಿ ಬಿಟ್ಟರೆ ಏನಾದೀತು ಎಂದು ಹೇಳಬೇಕಾಗಿಲ್ಲ. ಹುಣಸೆ ಒಣಹಾಕುವ ಹೊತ್ತೂ ಅದೇ. ಉಳ್ಳಾಗಡ್ಡಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಆದ್ದರಿಂದ ಝುಣಕ, ಶೇಂಗಾ ಚಟ್ನಿ, ರಂಜಕ ಹಚ್ಚಿದ ರೊಟ್ಟಿಯ ತುಂಡು ಮರಿಗೆ ಬೇಡ.

ಬರೀ ರೊಟ್ಟಿಯನ್ನು ಮಾತ್ರ ದೂರುವಂತಿಲ್ಲ. ಸ್ವೀಡನ್ನಿನ ಉಪ್ಸಾಲಾದ ಎರಿಕ್ ಆಕ್ಸೆಲ್ಸನ್ ತಂಡ 2013ರಲ್ಲಿ ತೋರಿಸಿದಂತೆ, ಪಿಷ್ಟ ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ. ಬೇಸಾಯಗಾರರ ಮನೆಯ ಉಳಿಕೆ ತಿಂದೇ ನಾಯಿ ನಾಯಿಯಾಯಿತು ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಆದರೂ ಬೆಳೆಯುವ ಮರಿಗೆ ಜೋಳದ ರೊಟ್ಟಿ-ಹಾಲು ಸಾಲದು. ಪ್ರೋಟೀನ್ ಕಡಿಮೆ ಬೀಳುತ್ತದೆ, ಹಾಲಿನ ಲ್ಯಾಕ್ಟೋಸ್ ಹೊಟ್ಟೆ ಕೆಡಿಸುತ್ತದೆ. ಮೊಟ್ಟೆ, ಬೇಯಿಸಿದ ಕೋಳಿ ಅಥವಾ ಮರಿಗಳಿಗೆಂದೇ ಮಾಡಿದ ಆಹಾರ ಬೇಕು. ಮೊದಲ ವಾರ ಮಾತ್ರ ಸಾಕಿದವರ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡುತ್ತಾ ಹೊಸದನ್ನು ದಿನಕ್ಕಿಷ್ಟು ಬೆರೆಸುವುದು ಕ್ಷೇಮ.

ಮಕ್ಕಳಿರುವ ಮನೆಯವರು ಜಂತುಹುಳದ ಔಷಧಿಯನ್ನು ಮರೆಯಬಾರದು. ತಾಯಿಯ ಮಾಂಸಖಂಡಗಳಲ್ಲಿ ಮಲಗಿದ್ದ ದುಂಡುಹುಳದ ಮರಿಗಳು ಬಸಿರಿನಲ್ಲಿ ಎಚ್ಚೆತ್ತು ಗರ್ಭದೊಳಗಿನ ಮರಿಯನ್ನೇ ಹೊಕ್ಕುತ್ತವೆ. ಹಾಗಾಗಿ ಎಷ್ಟೇ ಚೊಕ್ಕಟ ಮನೆಯ ಮರಿಯಾದರೂ ಹುಳವಿದೆ ಎಂದೇ ತಿಳಿಯಬೇಕು. ಎರಡನೇ ವಾರದಿಂದ ಎರಡು ವಾರಕ್ಕೊಮ್ಮೆ ಔಷಧಿ ಕೊಟ್ಟಿದ್ದಾರೆಯೇ ಎಂದು ಮಾರುವವರನ್ನೇ ಕೇಳಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಮತ್ತೆ ವರ್ಷಕ್ಕೆ. ಮರಿ ತಾನೇ ಎಂದು ಕಚ್ಚಿದ್ದನ್ನು, ಗೀರಿದ್ದನ್ನು ಬಿಡುವ ರೂಢಿ ಇಲ್ಲಿ ಬಹಳ. ಮರಿಗೂ ರೇಬಿಸ್ ಬರುತ್ತದೆ. ಗಾಯವನ್ನು ಸೋಪು-ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಮೊದಲ ರಾತ್ರಿ ಅಳುತ್ತದೆ, ಅಳಲೇಬೇಕು. ಹುಟ್ಟಿದಾಗಿನಿಂದ ಮೈಗೆ ಮೈ ತಾಗಿಸಿ ಮಲಗಿದ ಪ್ರಾಣಿಗೆ ಒಂಟಿತನ ಎಂದರೆ ಅಪಾಯದ ಸೂಚನೆ. "ಅತ್ತು ಅತ್ತು ಸುಮ್ನಾಗ್ತೈತಿ ಬಿಡು" ಎನ್ನುವ ಹಿರಿಯರ ಮಾತು ನಿಜವಾಗುವುದು ಮರಿ ದಣಿದಾಗ, ಕಲಿತಾಗ ಅಲ್ಲ. ಹಾಸಿಗೆಯ ಪಕ್ಕದಲ್ಲೇ ಡಬ್ಬಿ ಇಟ್ಟುಕೊಂಡು ಮಲಗಿ, ಕೆಲವು ದಿನದ ಮೇಲೆ ಸ್ವಲ್ಪ ಸ್ವಲ್ಪ ದೂರ ಸರಿಸಿ. ಎರಡು ತಿಂಗಳ ಮರಿ ಮೂರು ಗಂಟೆಗಿಂತ ಹೆಚ್ಚು ಉಚ್ಚೆ ತಡೆಯಲಾರದು. ಎಚ್ಚರವಾದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಒಂದೇ ಜಾಗಕ್ಕೆ ಒಯ್ಯಿರಿ. ಮನೆಯಲ್ಲಿ ಒಬ್ಬರಾದರೂ ಆ ವಾರ ರಜೆ ಹಾಕಿರಬೇಕು, ಇಲ್ಲದಿದ್ದರೆ ಮರಿ ತರುವುದನ್ನು ಮುಂದೂಡಬೇಕು. ವಿಜಯಪುರದಲ್ಲಿ ಏಪ್ರಿಲ್-ಮೇ ತಿಂಗಳಂತೂ ಬೇಡ. ನಾಯಿ ಬೆವರುವುದು ಪಾದದಡಿ ಮಾತ್ರ, ಉಳಿದ ಕಾವನ್ನೆಲ್ಲ ತೇಕುತ್ತಲೇ ಕಳೆಯಬೇಕು, ಹೊರಗಿನ ಗಾಳಿಯೇ ನಲವತ್ತು ಡಿಗ್ರಿ ಇರುವಾಗ ಅದೂ ಕಷ್ಟ. ಬೆಳಗಾವಿಯ ಮಳೆಗಾಲಕ್ಕೆ ಮುಧೋಳದ ಮರಿ ಒಯ್ಯುವವರಿಗೆ ತಿರುವುಮುರುವು ಚಿಂತೆ: ಮೈಮೇಲೆ ಕೊಬ್ಬಿಲ್ಲ, ಕೂದಲು ತೆಳು, ಗೋಣಿಚೀಲದ ಮೇಲೊಂದು ಕೌದಿ ಬೇಕೇ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಮೂರೂವರೆ ತಿಂಗಳಿಗೆ ಮರಿ ಕಂಡಕಂಡದ್ದನ್ನೆಲ್ಲ ಕಡಿಯತೊಡಗುತ್ತದೆ. ಇಪ್ಪತ್ತೆಂಟು ಹಾಲುಹಲ್ಲು ಉದುರಿ ನಲವತ್ತೆರಡು ಬರುವ ಕಾಲ, ಒಸಡು ನವೆಯುತ್ತದೆ. ತಣ್ಣೀರಲ್ಲಿ ಅದ್ದಿ ಗಂಟು ಹಾಕಿದ ಹಳೆಯ ಟವೆಲ್ ಕೊಡಿ. ಏಳು ತಿಂಗಳಾಗುವವರೆಗೆ ಚಪ್ಪಲಿಗಳೆಲ್ಲ ಮಾಡದಲ್ಲಿರಲಿ.