ಸಬ್‌ಮರೀನ್‌ಗೆ ಯಜಮಾನರು ಎಷ್ಟು ಜನ?

2025ರ ನವೆಂಬರ್ 2ರಂದು ಶ್ರೀಹರಿಕೋಟಾದಿಂದ ಸಿಎಂಎಸ್-03 ಉಪಗ್ರಹ ಹಾರಿತು. ತೂಕ 4,410 ಕೆಜಿ. ಕೆಲಸ, ನೌಕಾಪಡೆಯ ಸಂಪರ್ಕ. ಇಂಥ ಸುದ್ದಿ ಬಂದಾಗಲೆಲ್ಲ ಹಾಸನದಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಯುದ್ಧ ಆದ್ರೆ ನಮ್ಮ ಸಾಲಗಾಮೆ ರಸ್ತೆಯಿಂದಲೇ ಸಬ್‌ಮರೀನ್ ನಡೆಸ್ತಾರಂತೆ.’ ಕೇಳೋಕೆ ಖುಷಿಯಾಗುತ್ತದೆ, ಆದರೆ ನಿಜ ಅಲ್ಲ. 1982ರಿಂದ ಇಲ್ಲಿರುವ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಉಪಗ್ರಹವನ್ನು ಅದರ ಜಾಗಕ್ಕೆ ಮುಟ್ಟಿಸುತ್ತದೆ, ಅಲ್ಲೇ ನಿಲ್ಲುವಂತೆ ಕಾಯುತ್ತದೆ. 2013ರಲ್ಲಿ ನೌಕಾಪಡೆಗಾಗಿ ಹಾರಿದ ಜಿಸ್ಯಾಟ್-7ಕ್ಕೂ ಇದೇ ಕೆಲಸ ಇಲ್ಲಿಂದಲೇ ನಡೆಯಿತು. ಅದರ ಮೂಲಕ ಯಾರು ಯಾರಿಗೆ ಏನು ಹೇಳುತ್ತಾರೆ ಅನ್ನುವುದು ನೌಕಾಪಡೆಗೆ ಬಿಟ್ಟಿದ್ದು.

ಹಾಗಾದರೆ ಯುದ್ಧದಲ್ಲಿ ಸಬ್‌ಮರೀನ್ ನಡೆಸುವವರು ಯಾರು? ಇದಕ್ಕೆ ಒಂದೇ ಉತ್ತರ ಇಲ್ಲ. ಪೂರ್ವ ಕಮಾಂಡ್‌ನ ವಿಶಾಖಪಟ್ಟಣ ಒಂದು ಕಡೆ, ಪಶ್ಚಿಮ ಕಮಾಂಡ್‌ನ ಮುಂಬೈ ಇನ್ನೊಂದು ಕಡೆ. ಅಣುಶಕ್ತಿಯ ನೌಕೆಗಳಿಗೆ ದೆಹಲಿಯಲ್ಲಿ ಬೇರೆಯದೇ ಸಾಲು. ಈಗ ಥಿಯೇಟರ್ ಕಮಾಂಡ್ (ಒಂದು ಪ್ರದೇಶದ ಮೂರೂ ಪಡೆಗಳಿಗೆ ಒಬ್ಬರೇ ಮುಖ್ಯಸ್ಥರು) ಚರ್ಚೆಯೂ ಸೇರಿ ಗೋಜಲಾಗಿದೆ. ಸ್ವಲ್ಪ ಹಿಂದಿನಿಂದ ನೋಡಿದರೆ ಎಳೆ ಸಿಗುತ್ತದೆ.

ಮೊದಲು ನೀರಿನ ಕಥೆ. ಮಾಮೂಲಿ ರೇಡಿಯೊ ಅಲೆ ಉಪ್ಪುನೀರಿನೊಳಗೆ ಇಳಿಯುವುದಿಲ್ಲ. ಉಪಗ್ರಹದ ಜೊತೆ ಮಾತಾಡಬೇಕೆಂದರೆ ಸಬ್‌ಮರೀನ್ ಮೇಲೆ ಬಂದು ಆಂಟೆನಾ ಹೊರಗೆ ಚಾಚಬೇಕು. ಚಾಚಿದರೆ ಶತ್ರುವಿನ ರೇಡಾರ್‌ಗೆ ಕಾಣಬಹುದು. ತುಂಬ ಉದ್ದನೆಯ ಅಲೆಗಳು ಮಾತ್ರ ನೀರಿನಲ್ಲಿ ಕೆಲವು ಮೀಟರ್ ಇಳಿಯುತ್ತವೆ. ಅದಕ್ಕೆ ದಡದಲ್ಲಿ ದೊಡ್ಡ ದೊಡ್ಡ ಟವರ್ ಬೇಕು. ನಮ್ಮಲ್ಲಿ ತಿರುನೆಲ್ವೇಲಿ ಹತ್ತಿರ ನೌಕಾಪಡೆಯ ಕೇಂದ್ರ ಐಎನ್‌ಎಸ್ ಕಟ್ಟಬೊಮ್ಮನ್ 1990ರಿಂದ ಈ ಕೆಲಸ ಮಾಡುತ್ತಿದೆ. ಅದರಲ್ಲೂ ಒಂದು ತೊಡಕಿದೆ. ದಡ ಮಾತಾಡುತ್ತದೆ, ಸಬ್‌ಮರೀನ್ ಕೇಳಿಸಿಕೊಳ್ಳುತ್ತದೆ. ತಿರುಗಿ ಹೇಳಲು ಅದಕ್ಕೆ ಆ ದಾರಿ ಇಲ್ಲ. ಸಬ್‌ಮರೀನ್ ಪಡೆ ಕಟ್ಟಿದವರೆಲ್ಲ ಒದ್ದಾಡಿದ್ದು ಇಲ್ಲೇ.

ಇನ್ನೊಂದು ವಿಷಯ ತಿಳಿದಿರಲಿ. ಸಬ್‌ಮರೀನ್ ಪಡೆಯಲ್ಲಿ ಎರಡು ಸಾಲು ಇರುತ್ತವೆ. ಸಿಬ್ಬಂದಿ, ತರಬೇತಿ, ರಿಪೇರಿ, ಟಾರ್ಪಿಡೊ (ನೀರಿನಡಿ ಓಡಿ ಹಡಗಿಗೆ ಬಡಿಯುವ ಅಸ್ತ್ರ) ಒದಗಿಸುವುದು ಒಂದು ಸಾಲು. ಎಲ್ಲಿಗೆ ಹೋಗು, ಯಾರನ್ನು ಹೊಡಿ ಅನ್ನುವುದು ಇನ್ನೊಂದು. ಸಕಲೇಶಪುರದ ಕಡೆಯ ತೋಟದಲ್ಲಿ ಸಂಬಳದ ಲೆಕ್ಕ ರೈಟರ್ ಹತ್ತಿರ, ಇವತ್ತು ಯಾವ ಪಟ್ಟೆಯಲ್ಲಿ ಕೆಲಸ ಅನ್ನುವುದು ಮೇಸ್ತ್ರಿ ಹತ್ತಿರ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ದಡದಿಂದ ರೇಡಿಯೊದಲ್ಲಿ ಸಬ್‌ಮರೀನ್ ನಡೆಸುವುದು ಮೊದಲ ಮಹಾಯುದ್ಧದಲ್ಲಿ ಶುರುವಾಯಿತು, ಅದನ್ನು ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತುದಿಗೆ ಮುಟ್ಟಿಸಿತು. ಬ್ರೆಸ್ಟ್, ಲೋರಿಯಾಂ, ಸೇಂಟ್ ನಜೇರ್‌ನಂಥ ಫ್ರೆಂಚ್ ಬಂದರುಗಳಲ್ಲಿದ್ದ ತಂಡಗಳಿಗೆ ನೌಕೆ ಸಜ್ಜು ಮಾಡುವ ಕೆಲಸ ಅಷ್ಟೇ. ಸಮುದ್ರಕ್ಕೆ ಇಳಿದ ಮೇಲೆ ಪ್ರತಿ ಯು-ಬೋಟ್‌ಗೂ (ಜರ್ಮನ್ ಸಬ್‌ಮರೀನ್) ಆದೇಶ ಒಂದೇ ಕಚೇರಿಯಿಂದ ಹೋಗುತ್ತಿತ್ತು. ಯು-ಬೋಟ್ ಪಡೆಯ ಮುಖ್ಯಸ್ಥ ಅಡ್ಮಿರಲ್ ಡೋನಿಟ್ಸ್ ಆ ಕಚೇರಿಯನ್ನು ಕೆಲಕಾಲ ಲೋರಿಯಾಂ ಪಕ್ಕದ ಕೆರ್ನೆವೆಲ್‌ನಲ್ಲಿ ಇಟ್ಟಿದ್ದರು. ಅದು ಪ್ಯಾರಿಸ್‌ಗೆ, ಕೊನೆಗೆ ಬರ್ಲಿನ್‌ಗೆ ಹೋಯಿತು. ಹತ್ತಾರು ನೌಕೆಗಳನ್ನು ಒಂದೇ ಹಡಗು ಗುಂಪಿನ ಮೇಲೆ ಬಿಡಬೇಕಾದರೆ ಎಲ್ಲರೂ ತಾವೆಲ್ಲಿದ್ದೇವೆ, ಏನು ಕಂಡೆವು ಅಂತ ರೇಡಿಯೊದಲ್ಲಿ ಹೇಳಲೇಬೇಕು. ಹಾಗೆ ಹೇಳಿದ್ದನ್ನು ಬ್ರಿಟಿಷರು ಎರಡು ಥರ ಹಿಡಿದರು. ಸಿಗ್ನಲ್ ಯಾವ ದಿಕ್ಕಿನಿಂದ ಬಂತು ಅಂತ ಹಡಗಿನ ಮೇಲಿನ ಯಂತ್ರಗಳಿಂದ ಪತ್ತೆ ಹಚ್ಚಿದರು. ಒಳಗಿನ ಸಂಕೇತವನ್ನು ತಮ್ಮ ಗುಪ್ತಲಿಪಿ ಕೇಂದ್ರ ಬ್ಲೆಚ್ಲಿ ಪಾರ್ಕ್‌ನಲ್ಲಿ ಒಡೆದರು. 1943ರ ಮೇ ತಿಂಗಳೊಂದರಲ್ಲೇ 41 ಯು-ಬೋಟ್ ಮುಳುಗಿದವು. ಅದೇ ತಿಂಗಳು ಉತ್ತರ ಅಟ್ಲಾಂಟಿಕ್‌ನಿಂದ ನೌಕೆಗಳನ್ನು ಹಿಂದೆ ಕರೆಸಿಕೊಳ್ಳಬೇಕಾಯಿತು. ಸುಮಾರು 40 ಸಾವಿರ ಸಿಬ್ಬಂದಿಯಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 30 ಸಾವಿರ ಜನ ಸತ್ತಿದ್ದರು.

   

ಎಲ್ಲರೂ ಜರ್ಮನಿಯ ಕಥೆಯನ್ನೇ ಹೇಳುತ್ತಾರೆ. ನನಗೆ ಜಾಸ್ತಿ ಕುತೂಹಲ ಪೆಸಿಫಿಕ್ ಸಾಗರದ್ದು. ಅಲ್ಲಿ ಅಮೆರಿಕ ಜರ್ಮನಿಗೆ ತದ್ವಿರುದ್ಧ ಮಾಡಿತು. ಕ್ಯಾಪ್ಟನ್‌ಗೆ ಒಂದು ಪ್ರದೇಶ ಕೊಡುವುದು, ಅಲ್ಲಿ ಏನು ಮಾಡಬೇಕೆಂದು ಅವನಿಗೇ ಬಿಡುವುದು. ದಡ ಆದಷ್ಟು ಕಡಿಮೆ ಮಾತಾಡುವುದು. ಜಪಾನಿನ ಹಡಗುಗಳ ಸಂಕೇತ ಒಡೆದ ಮೇಲೆ ‘ನಾಳೆ ಇಂಥ ಕಡೆ ಹಡಗು ಸಿಗುತ್ತದೆ’ ಎಂಬ ಸುಳಿವು ಹೋಗುತ್ತಿತ್ತು, ಅಷ್ಟೇ. ಇದು ಚೆನ್ನಾಗಿ ನಡೆಯಿತು. ನೌಕಾಪಡೆಯ ಸಿಬ್ಬಂದಿಯಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲದ ಈ ಜನ, ಜಪಾನ್ ಕಳೆದುಕೊಂಡ ವ್ಯಾಪಾರಿ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಳುಗಿಸಿದರು.

ಆದರೆ ಅಲ್ಲಿಗೆ ಮುಟ್ಟುವ ಮೊದಲು ಸುಮಾರು ಎರಡು ವರ್ಷ ಬರೀ ಗೋಳು. ಕಾರಣ ಮಾರ್ಕ್-14 ಎಂಬ ಟಾರ್ಪಿಡೊ. ಹೊಡೆದರೆ ಹಡಗಿನ ಅಡಿಯಲ್ಲಿ ತೂರಿ ಹೋಗುತ್ತಿತ್ತು. ತಾಗಿದರೂ ಸಿಡಿಯುತ್ತಿರಲಿಲ್ಲ. ಇಲ್ಲವೇ ತಾಗುವ ಮೊದಲೇ ಸಿಡಿಯುತ್ತಿತ್ತು. ಕ್ಯಾಪ್ಟನ್‌ಗಳು ವಾಪಸ್ ಬಂದು ಹೇಳಿದರೆ ದಡದ ಉತ್ತರ ಒಂದೇ: ನಿಮ್ಮ ಗುರಿ ಸರಿಯಿಲ್ಲ. ಟಾರ್ಪಿಡೊ ಮಾಡುವ ಇಲಾಖೆ ಬೇರೆ, ಯುದ್ಧ ಮಾಡುವ ಕಮಾಂಡ್ ಬೇರೆ. ಶಾಂತಿಕಾಲದಲ್ಲಿ ದುಬಾರಿ ಅಂತ ನಿಜವಾದ ಸಿಡಿತಲೆ ಹಾಕಿ ಸರಿಯಾಗಿ ಪರೀಕ್ಷೆಯನ್ನೇ ಮಾಡಿರಲಿಲ್ಲ. ಕಾಗದದಲ್ಲಿ ಎಲ್ಲ ಸರಿಯಿತ್ತು.

1942ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಆಲ್ಬನಿ ಬಳಿ, ಅಲ್ಲಿನ ಅಮೆರಿಕದ ಸಬ್‌ಮರೀನ್‌ಗಳ ಮುಖ್ಯಸ್ಥ ಅಡ್ಮಿರಲ್ ಲಾಕ್‌ವುಡ್ ಒಂದು ಸರಳ ಕೆಲಸ ಮಾಡಿಸಿದರು. ಮೀನಿನ ಬಲೆ ಕಟ್ಟಿ ಅದಕ್ಕೆ ಟಾರ್ಪಿಡೊ ಹೊಡೆಸಿದರು. ತೂತು ಎಲ್ಲಿ ಬಿತ್ತು ಅಂತ ಅಳೆದರು. ಹೇಳಿದ್ದಕ್ಕಿಂತ ಸುಮಾರು ಹತ್ತು ಹನ್ನೊಂದು ಅಡಿ ಆಳದಲ್ಲಿ ಓಡುತ್ತಿತ್ತು. ಇಲಾಖೆ ಒಪ್ಪಿಕೊಂಡಿದ್ದು ಆಗಸ್ಟ್‌ನಲ್ಲಿ.

ಇನ್ನೊಂದು ದೋಷ ಕಾಂತೀಯ ಸಿಡಿಗುಂಡಿಯದ್ದು, ಅಂದರೆ ಹಡಗಿನ ಉಕ್ಕಿನ ಕಾಂತತ್ವ ಗ್ರಹಿಸಿ ಅದರ ಅಡಿಯಲ್ಲೇ ಟಾರ್ಪಿಡೊ ಸಿಡಿಸಬೇಕಾದ ಸಾಧನದ್ದು. ಸಂಘಟನೆಯ ಪಾಠ ಇರುವುದು ಇಲ್ಲಿ. ಪೆಸಿಫಿಕ್ ಸಾಗರವನ್ನು ಎರಡು ಕಮಾಂಡ್‌ಗಳಿಗೆ ಹಂಚಲಾಗಿತ್ತು. ಹವಾಯಿಯ ಪರ್ಲ್ ಹಾರ್ಬರ್‌ನ ಸಬ್‌ಮರೀನ್‌ಗಳು ಅಡ್ಮಿರಲ್ ನಿಮಿಟ್ಸ್ ಕೆಳಗೆ, ಆಸ್ಟ್ರೇಲಿಯಾದವು ಜನರಲ್ ಮ್ಯಾಕ್ಆರ್ಥರ್ ವಲಯದಲ್ಲಿ. 1943ರ ಜೂನ್‌ನಲ್ಲಿ ಪರ್ಲ್ ಹಾರ್ಬರ್‌ನವರು ಕಾಂತೀಯ ಗುಂಡಿ ತೆಗೆದುಹಾಕಿ ಅಂದರು. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನವರು ಬೇಡ, ಇರಲಿ ಅಂದರು. ಒಂದೇ ನೌಕಾಪಡೆ, ಒಂದೇ ಟಾರ್ಪಿಡೊ, ಒಂದೇ ಶತ್ರು. ನಕಾಶೆಯ ಗೆರೆ ದಾಟಿದ ಕ್ಯಾಪ್ಟನ್‌ಗೆ ನಿಯಮ ಮಾತ್ರ ಬೇರೆ. ಇದು ಸರಿಹೋಗಲು ಆ ವರ್ಷ ಪೂರ್ತಿ ಹಿಡಿಯಿತು.

ಅಷ್ಟರಲ್ಲಿ ಜುಲೈ ಬಂತು. ಟಿನೋಸಾ ಎಂಬ ಸಬ್‌ಮರೀನ್ ಜಪಾನಿನ ದೊಡ್ಡ ಹಡಗು ತೋನಾನ್ ಮಾರು ನಂ. 3ಕ್ಕೆ 15 ಟಾರ್ಪಿಡೊ ಹೊಡೆಯಿತು. ಮೊದಲ ಹೊಡೆತಗಳಿಗೇ ಹಡಗು ನಿಂತುಬಿಟ್ಟಿತು, ಆಮೇಲೆ ಗುರಿ ತಪ್ಪುವ ಮಾತೇ ಇರಲಿಲ್ಲ. ಬಹುಪಾಲು ಸಿಡಿಯಲಿಲ್ಲ. ಕ್ಯಾಪ್ಟನ್ ಕೊನೆಯದನ್ನು ಹೊಡೆಯದೆ ತೋರಿಸೋಕೆ ಅಂತ ವಾಪಸ್ ತಂದ. ಹವಾಯಿಯಲ್ಲಿ ಅಂಥ ಟಾರ್ಪಿಡೊಗಳ ತಲೆಭಾಗವನ್ನು ಕ್ರೇನ್‌ನಿಂದ ಉಕ್ಕಿನ ತಗಡಿನ ಮೇಲೆ ಬೀಳಿಸಿ ನೋಡಿದರು. ನೇರವಾಗಿ ಬಡಿದಾಗ ಒಳಗಿನ ಪಿನ್ ಸಿಕ್ಕಿಕೊಳ್ಳುತ್ತಿತ್ತು, ಓರೆಯಾಗಿ ಬಡಿದರೆ ಸಿಡಿಯುತ್ತಿತ್ತು. ಅಂದರೆ ಚೆನ್ನಾಗಿ ಗುರಿಯಿಟ್ಟವನಿಗೇ ಶಿಕ್ಷೆ. ಅಲ್ಲಿನ ವರ್ಕ್‌ಶಾಪ್‌ನಲ್ಲೇ ಪಿನ್ ತಿದ್ದಿದರು. ಅಮೆರಿಕ ಯುದ್ಧಕ್ಕಿಳಿದು ಆಗಲೇ 21 ತಿಂಗಳು ಕಳೆದಿತ್ತು.

ಭಾರತದ ಕಥೆ ಇದಕ್ಕಿಂತ ಚಿಕ್ಕದು. 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದ ರೀಗಾದಲ್ಲಿ ನಮ್ಮ ಮೊದಲ ಸಬ್‌ಮರೀನ್ ಐಎನ್‌ಎಸ್ ಕಲ್ವರಿ ಸೇವೆಗೆ ಸೇರಿತು. 1969ರ ಕೊನೆಗೆ ಅಂಥ ನಾಲ್ಕು ನೌಕೆಗಳಿದ್ದವು. 1971ರಲ್ಲಿ ವಿಶಾಖಪಟ್ಟಣದಲ್ಲಿ ಸಬ್‌ಮರೀನ್ ನೆಲೆ ವೀರಬಾಹು ಶುರುವಾಯಿತು. ಅದೇ ವರ್ಷ ಪಾಕಿಸ್ತಾನದ ಜೊತೆ ಯುದ್ಧವೂ ಬಂತು.

ಆ ಯುದ್ಧದಲ್ಲಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಸಬ್‌ಮರೀನ್ ಘಾಜಿ ಮುಳುಗಿತು. ಹೇಗೆ ಅನ್ನುವ ವಾದ ಇನ್ನೂ ಇದೆ. ಡಿಸೆಂಬರ್ 9ರಂದು ಅವರ ಇನ್ನೊಂದು ಸಬ್‌ಮರೀನ್ ಹ್ಯಾಂಗೋರ್ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು, 194 ಜನ ಹೋದರು. ನಮ್ಮ ಸಬ್‌ಮರೀನ್‌ಗಳ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. ಈಗ ವಿಶಾಖಪಟ್ಟಣದ ಬೀಚ್‌ನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಕುರ್ಸುರಾ ಆಗ ಅರಬ್ಬಿ ಸಮುದ್ರದಲ್ಲಿತ್ತು. ಅದಕ್ಕೆ ಕೊಟ್ಟ ಷರತ್ತು ನೋಡಿ. ವ್ಯಾಪಾರಿ ಹಡಗುಗಳ ದಾರಿ ದಾಟಬಾರದು. ಶತ್ರುವೇ ಅಂತ ಖಚಿತವಾಗಬೇಕು. ಆಮೇಲೂ ಆದೇಶ ಬಂದರೆ ಮಾತ್ರ ಹೊಡೆಯಬೇಕು, ಇಲ್ಲವೇ ಜೀವ ಉಳಿಸಿಕೊಳ್ಳಲು. ಕುರ್ಸುರಾ ನವೆಂಬರ್ 30ರಂದು ಸಮುದ್ರದಲ್ಲೇ ನಮ್ಮ ಇನ್ನೊಂದು ಸಬ್‌ಮರೀನ್ ಕರಂಜ್‌ಗೆ ಸೂಚನೆ ಒಪ್ಪಿಸಿ, ಯುದ್ಧ ಶುರುವಾದ ಮರುದಿನ, ಡಿಸೆಂಬರ್ 4ಕ್ಕೆ ಮುಂಬೈಗೆ ಮರಳಿತು. ಯುದ್ಧ ಇನ್ನೂ ಘೋಷಣೆಯಾಗದ ದಿನಗಳಲ್ಲಿ ಎಚ್ಚರಿಕೆ ಬೇಕಿತ್ತು, ಒಪ್ಪೋಣ. ಆದರೆ ನೀರಿನಡಿ ಇದ್ದುಕೊಂಡು ದಡದ ಅಪ್ಪಣೆಗೆ ಕಾಯುವುದು ಎಂಥ ಕಷ್ಟ ಅಂತ ಮೇಲೆ ನೋಡಿದೆವಲ್ಲ.

ಆಮೇಲೆ ರಷ್ಯಾ, ಜರ್ಮನಿಯ ನೌಕೆಗಳು ಬಂದವು, ಮುಂಬೈಯಲ್ಲಿ ವಜ್ರಬಾಹು ನೆಲೆ ಬಂತು, ಕಾರವಾರದಲ್ಲಿ ಕದಂಬ ನೌಕಾನೆಲೆ ಎದ್ದಿತು. ಡೀಸೆಲ್ ಸಬ್‌ಮರೀನ್‌ಗಳು ಪಶ್ಚಿಮ ಮತ್ತು ಪೂರ್ವ ಕಮಾಂಡ್‌ಗಳ ಕೆಳಗೆ ಹಂಚಿಹೋದವು. 2003ರಲ್ಲಿ ಅಣ್ವಸ್ತ್ರಗಳಿಗಾಗಿ ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್ ಬಂತು. ಅಣುಶಕ್ತಿಯ ಸಬ್‌ಮರೀನ್‌ಗಳಾದ ಅರಿಹಂತ್ 2016ರಲ್ಲಿ, ಅರಿಘಾತ್ 2024ರಲ್ಲಿ ಸೇವೆಗೆ ಸೇರಿದವು. ಅವು ನೌಕಾಪಡೆಯ ಜನರ ಕೈಯಲ್ಲಿವೆ. ಆದರೆ ಕ್ಷಿಪಣಿ ಹಾರಿಸುವ ಅಪ್ಪಣೆ ಪ್ರಧಾನಿ ನೇತೃತ್ವದ ರಾಜಕೀಯ ಮಂಡಳಿಯದ್ದು. ಅಲ್ಲಿ ಬಿಗಿ ಹಿಡಿತ ಬೇಕೇಬೇಕು. ಆ ಅಪ್ಪಣೆ ನೀರಿನೊಳಗೆ ಮುಟ್ಟಬೇಕಲ್ಲ, ಅದಕ್ಕೇ ಟವರ್‌ಗಳಿಗೆ ಇಷ್ಟು ಬೆಲೆ. ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿ ಕಟ್ಟಬೊಮ್ಮನ್‌ನಂಥದ್ದೇ ಇನ್ನೊಂದು ಕೇಂದ್ರಕ್ಕೆ 2024ರ ಅಕ್ಟೋಬರ್‌ನಲ್ಲಿ ಅಡಿಗಲ್ಲು ಬಿತ್ತು. ಕಾಡು ಹೋಗುತ್ತದೆ ಅಂತ ಅಲ್ಲಿನ ಜನ ವಿರೋಧಿಸಿದ್ದೂ ಉಂಟು.

ಇನ್ನು ಥಿಯೇಟರ್ ಕಮಾಂಡ್. ಮೂರೂ ಪಡೆಗಳನ್ನು ಪ್ರದೇಶವಾರು ಒಬ್ಬರ ಕೈಗೆ ಕೊಡುವ ಈ ಯೋಚನೆಗೆ 2020ರ ಜನವರಿಯಲ್ಲಿ ಮೊದಲ ಸಿಡಿಎಸ್ (ಮೂರೂ ಪಡೆಗಳ ಸಮನ್ವಯದ ಮುಖ್ಯಸ್ಥರು) ಅಧಿಕಾರ ವಹಿಸಿಕೊಂಡ ಮೇಲೆ ವೇಗ ಸಿಕ್ಕಿತು. ಸಮುದ್ರಕ್ಕೆಲ್ಲ ಒಂದೇ ಕಮಾಂಡ್ ಆದರೆ ಪೂರ್ವ, ಪಶ್ಚಿಮ ಎಂಬ ಗೆರೆ ಅಳಿಸುತ್ತದೆ. ಪರ್ಲ್ ಹಾರ್ಬರ್-ಫ್ರೀಮ್ಯಾಂಟಲ್ ಜಗಳ ನೆನೆದರೆ ಇದು ಒಳ್ಳೆಯದೇ. ಆದರೆ ಅದೇ ಯೋಜನೆಯ ಪ್ರಕಾರ ಯುದ್ಧದ ಆದೇಶ ಥಿಯೇಟರ್‌ನಿಂದ ಬರುತ್ತದೆ, ತರಬೇತಿ, ರಿಪೇರಿ, ಆಯುಧ ನೌಕಾಪಡೆಯ ಹತ್ತಿರವೇ ಉಳಿಯುತ್ತದೆ. ಎರಡು ಸಾಲಿನ ನಡುವಿನ ದೂರ ಈಗಿನದಕ್ಕಿಂತ ಹೆಚ್ಚುತ್ತದೆ. ನಾಳೆ ಒಬ್ಬ ಕ್ಯಾಪ್ಟನ್ ವಾಪಸ್ ಬಂದು ಟಾರ್ಪಿಡೊ ಸಿಡಿಯಲಿಲ್ಲ ಅಂದರೆ ಆ ದೂರು ಮೊದಲು ಯಾರ ಮೇಜಿಗೆ ಹೋಗಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಅನ್ನುವುದನ್ನು ಈಗಲೇ ಬರೆದಿಡುವುದು ವಾಸಿ. ಪ್ರಧಾನ ಕಚೇರಿ ಯಾವ ಊರಿನಲ್ಲಿ ಅನ್ನುವ ಚರ್ಚೆ ಪತ್ರಿಕೆಗಳಲ್ಲಿ ಬೇಕಾದಷ್ಟು ನಡೆದಿದೆ.