ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರು ವರ್ಷದೊಳಗೆ ಮುಚ್ಚಿದ್ದೇಕೆ?

1927ರ ಜುಲೈ 23ರಂದು ಮುಂಬಯಿಯಲ್ಲಿ ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದ ರೇಡಿಯೊ ಕೇಂದ್ರ ಸರ್ಕಾರದ್ದಾಗಿರಲಿಲ್ಲ. ಅದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆಯದಾಗಿತ್ತು. ಆಗಸ್ಟ್ 26ರಂದು ಅದರ ಕಲ್ಕತ್ತಾ ಕೇಂದ್ರವೂ ಆರಂಭವಾಯಿತು. ಮದರಾಸಿನ ರೇಡಿಯೊ ಕ್ಲಬ್ 1924ರಲ್ಲೇ ಪ್ರಸಾರ ಶುರುಮಾಡಿತ್ತಾದರೂ ಅದು ಹವ್ಯಾಸಿಗಳ ಉತ್ಸಾಹದಿಂದ ನಡೆದದ್ದು. ರೇಡಿಯೊವನ್ನು ಉದ್ಯಮವಾಗಿ ನಡೆಸುವ ಮೊದಲ ದೊಡ್ಡ ಪ್ರಯತ್ನ ಈ ಕಂಪನಿಯದೇ. 1930ರ ಮಾರ್ಚ್ 1ರಂದು ಅದು ದಿವಾಳಿಯ ದಾರಿ ಹಿಡಿಯಿತು.

ಭಾರತೀಯರಿಗೆ ಆಗ ರೇಡಿಯೊ ಬೇಕಿರಲಿಲ್ಲ ಎಂಬ ವಿವರಣೆ ನನಗೆ ಸಮಾಧಾನ ಕೊಡುವುದಿಲ್ಲ. ಕಂಪನಿಯ ಕಷ್ಟದ ಬೇರು 1926ರಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಲ್ಲೇ ಇತ್ತು. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಪರವಾನಗಿ ಶುಲ್ಕ ಕಟ್ಟಬೇಕು, ಅದರಲ್ಲಿ ಶೇ 80 ಕಂಪನಿಗೆ ಸೇರಬೇಕು. ಆಮದಾಗುವ ರೇಡಿಯೊಗಳ ಬೆಲೆಯ ಮೇಲೆ ಮಾರಾಟಗಾರರಿಂದಲೂ ಒಂದು ಪಾಲು ಬರಬೇಕು. 15 ಲಕ್ಷ ರೂಪಾಯಿಯ ಅಧಿಕೃತ ಬಂಡವಾಳದಲ್ಲಿ ಕೈಗೆ ಬಂದದ್ದು 6 ಲಕ್ಷ ಮಾತ್ರ. ಅದರ ಬಹುಪಾಲು ಎರಡು ಕೇಂದ್ರಗಳನ್ನು ಕಟ್ಟುವುದಕ್ಕೇ ಖರ್ಚಾಯಿತು. 1.5 ಕಿಲೋವಾಟ್‌ನ ಪ್ರೇಷಕಗಳು ಸುಮಾರು 48 ಕಿಲೋಮೀಟರಿನವರೆಗಷ್ಟೇ ಚೆನ್ನಾಗಿ ಕೇಳಿಸುತ್ತಿದ್ದವು. ಆ ವರ್ತುಲದಾಚೆಗೆ ದುಬಾರಿ ರೇಡಿಯೊ ಕೊಳ್ಳಲು ಯಾರಿಗೂ ಕಾರಣವಿರಲಿಲ್ಲ. ಅಷ್ಟು ಕಿರಿದಾದ ಪ್ರದೇಶದೊಳಗೂ ಯುರೋಪಿಯನ್ನರ ಅಭಿರುಚಿ ಬೇರೆ, ಭಾರತೀಯರದು ಬೇರೆ, ಭಾಷೆಗಳಂತೂ ಹಲವು. ಒಂದೇ ಕೇಂದ್ರದ ಕೆಲವೇ ಗಂಟೆಗಳನ್ನು ಅವರೆಲ್ಲರಿಗೂ ಹಂಚಬೇಕಿತ್ತು.

1929ರ ಕೊನೆಗೂ ಪರವಾನಗಿದಾರರ ಸಂಖ್ಯೆ 8,000 ಮುಟ್ಟಲಿಲ್ಲ. ತಲೆಗೆ 8 ರೂಪಾಯಿಯಂತೆ ಲೆಕ್ಕ ಹಾಕಿದರೆ, ಕಲಾವಿದರ ಸಂಭಾವನೆ, ಸಿಬ್ಬಂದಿಯ ಸಂಬಳ, ಯಂತ್ರಗಳ ನಿರ್ವಹಣೆ ಸೇರಿ ಎರಡು ಮಹಾನಗರಗಳ ಪ್ರಸಾರಕ್ಕೆ ಶುಲ್ಕದಿಂದ ಸಿಗುತ್ತಿದ್ದದ್ದು ವರ್ಷಕ್ಕೆ 64,000 ರೂಪಾಯಿಗೂ ಕಡಿಮೆ. ಶುಲ್ಕ ಕಟ್ಟದೆ ಕೇಳುವವರೂ ಇದ್ದರು. ಅವರನ್ನು ಹಿಡಿದು ದಂಡಿಸುವಷ್ಟು ಬಿಗಿಯಾದ ಕಾನೂನು ಇರಲಿಲ್ಲ. ಆದಾಯವೆಲ್ಲ ಪರವಾನಗಿಯ ಮೇಲೆ ನಿಂತಿರುವಾಗ ಅದನ್ನು ವಸೂಲು ಮಾಡುವ ಅಧಿಕಾರ ಕಂಪನಿಯ ಕೈಯಲ್ಲಿರಲಿಲ್ಲವೆಂಬುದು ಈ ಕಥೆಯ ಅತ್ಯಂತ ನೋವಿನ ಭಾಗ.

1930ರ ಏಪ್ರಿಲ್ 1ರಿಂದ ಸರ್ಕಾರ ಕೇಂದ್ರಗಳನ್ನು ವಹಿಸಿಕೊಂಡಿತು. ಅದೂ ನಷ್ಟ ತಾಳದೆ 1931ರ ಅಕ್ಟೋಬರಿನಲ್ಲಿ ಮುಚ್ಚಲು ಹೊರಟು, ಸಾರ್ವಜನಿಕರ ವಿರೋಧಕ್ಕೆ ಮಣಿದು ಹಿಂದೆಗೆಯಿತು. ಆಮೇಲೆ ಕ್ರಮಗಳು ಬೇಗಬೇಗ ಬಂದವು: ರೇಡಿಯೊ ಆಮದು ಸುಂಕ ಏರಿತು, ಪರವಾನಗಿ ಇಲ್ಲದೆ ರೇಡಿಯೊ ಇಟ್ಟುಕೊಳ್ಳುವುದನ್ನು ಅಪರಾಧವಾಗಿಸಿದ 1933ರ ನಿಸ್ತಂತು ಕಾಯಿದೆ 1934ರ ಜನವರಿಯಿಂದ ಜಾರಿಗೆ ಬಂತು. 1932ರ ಡಿಸೆಂಬರಿನಲ್ಲಿ ಬಿಬಿಸಿಯ ಸಾಗರೋತ್ತರ ಪ್ರಸಾರ ಆರಂಭವಾದದ್ದೂ ರೇಡಿಯೊ ಮಾರಾಟಕ್ಕೆ ನೆರವಾಯಿತು. 1934ರ ಕೊನೆಗೆ ಪರವಾನಗಿಗಳು 16,000 ದಾಟಿದವು. ಇವುಗಳಲ್ಲಿ ಒಂದೆರಡಾದರೂ 1928ರಲ್ಲೇ ಆಗಿದ್ದರೆ ಕಂಪನಿ ಇನ್ನೂ ಕೆಲಕಾಲ ಉಸಿರಾಡುತ್ತಿತ್ತೆಂದೇ ನನ್ನ ನಂಬಿಕೆ. ಅದು ಅಳಿದ ಐದು ವರ್ಷಗಳ ಬಳಿಕ, 1935ರಲ್ಲಿ, ಪ್ರೊ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅದರ ಹಿಂದೆ ಲಾಭದ ಲೆಕ್ಕವಿರಲಿಲ್ಲ.

ಖಾಸಗಿ ವಾಣಿಜ್ಯ ಕೇಂದ್ರವೊಂದು ಮತ್ತೆ ಹುಟ್ಟಿದ್ದು 2001ರ ಜುಲೈ 3ರಂದು, ಬೆಂಗಳೂರಿನಲ್ಲಿ, ರೇಡಿಯೊ ಸಿಟಿಯ ರೂಪದಲ್ಲಿ. ಆಗಲೂ ಒಪ್ಪಂದವೇ ತೊಡಕಾಯಿತು: ಹರಾಜಿನಲ್ಲಿ ಕೂಗಿದ ಪರವಾನಗಿ ಶುಲ್ಕ ವರ್ಷವರ್ಷವೂ ಶೇ 15ರಷ್ಟು ಏರುತ್ತಿತ್ತು, ಹರಾಜು ಗೆದ್ದ ಹಲವರು ಕೇಂದ್ರ ತೆರೆಯಲೇ ಇಲ್ಲ. ಆದಾಯದ ಶೇ 4ರಷ್ಟನ್ನು ಸರ್ಕಾರಕ್ಕೆ ಕಟ್ಟುವ ಪದ್ಧತಿ 2005ರ ನೀತಿಯಿಂದ ಬಂದ ಮೇಲೆಯೇ ಎಫ್‌ಎಂ ಕೇಂದ್ರಗಳು ದೇಶದ ಸಣ್ಣ ನಗರಗಳಿಗೂ ಹರಡಿದವು.